ಮೆಕ್ಕೆಜೋಳ ಗೋದಾಮಿನಲ್ಲಿ, ರಸೀದಿ ಫೋನಿನಲ್ಲಿ: ಬೆಲೆ ಏರುವವರೆಗೆ ಕಾಯುವುದು ಹೇಗೆ?

ನಮ್ಮ ದಾವಣಗೆರೆ, ಹಾವೇರಿ ಕಡೆ ಒಕ್ಕಣೆ ಮುಗಿದ ವಾರದಲ್ಲೇ ಮೆಕ್ಕೆಜೋಳ ಮಾರುವವರು ಜಾಸ್ತಿ. ಆಗ ಬೆಲೆ ಚೆನ್ನಾಗಿರುತ್ತೆ ಅಂತಲ್ಲ. ಗೊಬ್ಬರದ ಅಂಗಡಿ ಬಾಕಿ ತೀರಿಸಬೇಕು, ಮನೆಯಲ್ಲಿ ಚೀಲ ಇಡೋಕೆ ಜಾಗ ಇರಲ್ಲ. ನಮ್ಮಪ್ಪನೂ ಒಂದು ವರ್ಷ ಹಾಗೇ ಮಾರಿದರು. ಎರಡು ತಿಂಗಳಿಗೆ ರೇಟು ಏರಿದ ಸುದ್ದಿ ಬಂದ ರಾತ್ರಿ ಊಟಕ್ಕೆ ಕೂತವರು ಒಂದು ಮಾತೂ ಆಡಲಿಲ್ಲ. ಅದು ನನಗೆ ಇನ್ನೂ ಮರೆತಿಲ್ಲ.

ಇದಕ್ಕೊಂದು ದಾರಿ ಇದೆ. 2007ರ ಉಗ್ರಾಣ ಕಾಯ್ದೆಯಡಿ ಡಬ್ಲ್ಯುಡಿಆರ್‌ಎ ಎಂಬ ಪ್ರಾಧಿಕಾರ ಗೋದಾಮುಗಳನ್ನು ನೋಂದಾಯಿಸುತ್ತದೆ. ಅಂಥ ಗೋದಾಮಿನಲ್ಲಿ ಬೆಳೆ ಇಟ್ಟರೆ ಸಿಗುವ ರಸೀದಿಯನ್ನು ಬ್ಯಾಂಕಿನಲ್ಲಿ ಅಡ ಇಡಬಹುದು, ಬೇರೆಯವರಿಗೆ ಮಾರಲೂಬಹುದು. 2017ರಿಂದ ಈ ರಸೀದಿ ಎಲೆಕ್ಟ್ರಾನಿಕ್ ರೂಪದಲ್ಲಿ ಬರುತ್ತಿದೆ. ಷೇರುಗಳನ್ನು ಕಾಗದವಿಲ್ಲದೆ ಇಡಲು ಡಿಮ್ಯಾಟ್ ಖಾತೆ ಇರುತ್ತಲ್ಲ, ಹಾಗೇ ಇದಕ್ಕೂ ಒಂದು ಖಾತೆ.

ಮೊದಲ ಕೆಲಸ, ಒಣಗಿಸುವುದು. ತುಂಬ ಜನ ಸೋಲುವುದೇ ಇಲ್ಲಿ. ತೇವ 14%ಗಿಂತ ಜಾಸ್ತಿ ಇದ್ದರೆ ಬೂಷ್ಟು ಹಿಡಿಯುತ್ತದೆ, ಗೋದಾಮಿನವರು ವಾಪಸ್ ಕಳಿಸಿದರೆ ಬಾಡಿಗೆ ಗಾಡಿಯ ದುಡ್ಡು ದಂಡ. ಕಾಳು ಕಚ್ಚಿ ನೋಡಿ ಹೇಳುವವರಿದ್ದಾರೆ, ಆದರೆ ಅದನ್ನೇ ನಂಬಬೇಡಿ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಎರಡು ಚಮಚ ಒಣ ಉಪ್ಪು ಹಾಕಿ, ಮೂರನೇ ಒಂದು ಭಾಗದಷ್ಟು ಕಾಳು ತುಂಬಿ, ಮುಚ್ಚಳ ಹಾಕಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಹತ್ತು ನಿಮಿಷ ಸುಮ್ನೆ ಬಿಡಿ. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ 15%ಗಿಂತ ಹೆಚ್ಚಿದೆ ಅಂತಲೇ ಲೆಕ್ಕ, ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಒಂದು ದಿನ ಹೆಚ್ಚಿಗೆ ಒಣಗಿಸಿ, ಕೊನೆಯ ಮಾತು ಗೋದಾಮಿನ ಮೀಟರಿನದ್ದು.

ಆಮೇಲೆ ಗೋದಾಮು. ಡಬ್ಲ್ಯುಡಿಆರ್‌ಎ ವೆಬ್‌ಸೈಟಿನಲ್ಲಿ ನೋಂದಾಯಿತ ಗೋದಾಮುಗಳ ಪಟ್ಟಿ ಇದೆ, ಅದರಲ್ಲಿ ಹೆಸರಿಲ್ಲದ ಕಡೆ ಈ ರಸೀದಿ ಸಿಗುವುದಿಲ್ಲ. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಚೀಲಗಳು ನೆಲಕ್ಕೆ ತಾಗದೆ ಹಲಗೆ ಮೇಲೆ ಇರಬೇಕು, ಗೋಡೆಗೂ ಒರಗಿರಬಾರದು, ನಡುವೆ ಮನುಷ್ಯ ಓಡಾಡುವಷ್ಟು ಜಾಗ ಇರಬೇಕು.

ರಸೀದಿಯ ಖಾತೆ ತೆರೆಯಲು ಗೋದಾಮಿನವರೇ ನೆರವಾಗುತ್ತಾರೆ. ಗುರುತಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಫೋನ್ ನಂಬರ್ ಜೊತೆಗಿರಲಿ. ನಂಬರ್ ನಿಮ್ಮದೇ ಆಗಿರಲಿ, ದಲ್ಲಾಳಿಯದ್ದು ಬೇಡ.

ಜೋಳ ಇಳಿಸುವ ದಿನ ನೀವೇ ಅಲ್ಲಿರಿ. ವೇ ಬ್ರಿಡ್ಜ್ ಮೇಲೆ ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ ಎರಡನ್ನೂ ಬರೆದಿಟ್ಟುಕೊಳ್ಳಿ. ಚೂಪು ತುದಿಯ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಮಾದರಿ ತೆಗೆಯುತ್ತಾರೆ. ಮೇಲಿನ ಒಂದೆರಡು ಚೀಲಕ್ಕೇ ಚುಚ್ಚಿ ಮುಗಿಸಿದರೆ ಒಳಗಿನವಕ್ಕೂ ಚುಚ್ಚಿ ಅಂತ ಕೇಳಿ. ತೂಕ ಮತ್ತು ದರ್ಜೆ ಎರಡೂ ರಸೀದಿಯಲ್ಲಿ ದಾಖಲಾಗುತ್ತವೆ, ಮುಂದೆ ಬೆಲೆ ನಿಲ್ಲುವುದು ಅದರ ಮೇಲೇ ಅಲ್ವಾ?

ಈಗ ಸಾಲ. ಸಣ್ಣ, ಅತಿಸಣ್ಣ ರೈತರಾಗಿದ್ದು ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದರೆ ಈ ರಸೀದಿಯ ಮೇಲಿನ ಸಾಲಕ್ಕೂ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿ ಇದೆ, ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ. ಒಂದು ಲೆಕ್ಕ ಹಾಕೋಣ. 50 ಕ್ವಿಂಟಾಲ್ ಇಟ್ಟಿದ್ದೀರಿ, ಕ್ವಿಂಟಾಲಿಗೆ 2,000 ರೂಪಾಯಿ ಅಂದುಕೊಳ್ಳಿ, ಒಟ್ಟು ಒಂದು ಲಕ್ಷ. ಬ್ಯಾಂಕ್ ಪೂರ್ತಿ ಕೊಡುವುದಿಲ್ಲ, 70,000 ಕೊಟ್ಟಿತು ಅನ್ನಿ. 7% ಬಡ್ಡಿಯಲ್ಲಿ ನಾಲ್ಕು ತಿಂಗಳಿಗೆ ಸುಮಾರು 1,633 ರೂಪಾಯಿ. ಗೋದಾಮಿನ ಬಾಡಿಗೆ ತಿಂಗಳಿಗೆ ಕ್ವಿಂಟಾಲಿಗೆ 10 ರೂಪಾಯಿ ಹಿಡಿದರೆ ನಾಲ್ಕು ತಿಂಗಳಿಗೆ 2,000. ಎರಡೂ ಸೇರಿ 3,633. ಅಂದರೆ ಕ್ವಿಂಟಾಲಿಗೆ 73 ರೂಪಾಯಿಯಾದರೂ ಬೆಲೆ ಏರಿದರೆ ಮಾತ್ರ ಕಾದದ್ದಕ್ಕೆ ಫಲ. ಬೆಲೆ ಪ್ರತಿ ವರ್ಷ ಏರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ, ಅದಕ್ಕೇ ಈ ಲೆಕ್ಕವನ್ನು ನಿಮ್ಮೂರಿನ ದರ ಹಾಕಿ ಮೊದಲೇ ಮಾಡಿ.

ಮಾರುವಾಗ ನನಗೆ ತುಂಬ ಇಷ್ಟವಾಗುವ ಸಂಗತಿ ಒಂದಿದೆ. ಜೋಳ ಇದ್ದಲ್ಲೇ ಇರುತ್ತದೆ, ರಸೀದಿ ಮಾತ್ರ ಖಾತೆಯಿಂದ ಖಾತೆಗೆ ಹೋಗುತ್ತದೆ. ಹೊಲದಿಂದ ಮನೆ, ಮನೆಯಿಂದ ಮಂಡಿ, ಮಂಡಿಯಿಂದ ವ್ಯಾಪಾರಿಯ ಗೋದಾಮು ಅಂತ ಅದೇ ಚೀಲವನ್ನು ಮೂರು ಸಲ ಹೇರಿ ಇಳಿಸುವುದು ತಪ್ಪುತ್ತದೆ. ಡೀಸೆಲ್ ಉಳಿಯುತ್ತದೆ, ದಾರಿಯಲ್ಲಿ ಸೋರುವ ಕಾಳೂ ಉಳಿಯುತ್ತದೆ. ಎಲ್ಲವನ್ನೂ ಒಂದೇ ಸಲ ಮಾರಬೇಕಿಲ್ಲ. 20 ಕ್ವಿಂಟಾಲ್ ಮಾರಿ ಸಾಲ ಸ್ವಲ್ಪ ತೀರಿಸಿ, ಉಳಿದದ್ದನ್ನು ಹಾಗೇ ಇಟ್ಟುಕೊಳ್ಳಬಹುದು. ರಸೀದಿಯ ಅವಧಿ ಮುಗಿಯುವ ದಿನಾಂಕವನ್ನು ಮಾತ್ರ ಮನೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿಡಿ.