ಹೆಸರು ಕೇಳದೆ ಹುಳ ಎಣಿಸಿದೆ: ನನ್ನ ಅನುಭವ

ರಾತ್ರಿ ಬಿಳಿ ಪರದೆಗೆ ದೀಪ ಹಚ್ಚಿ, ಅದಕ್ಕೆ ಬಂದು ಕೂರುವ ಹುಳಗಳನ್ನು ಜಾತಿ ಗುರುತಿಸದೆ ಬರೀ ಎಣಿಸುತ್ತಾ ಹೋದರೆ ಏನೂ ಸಿಗುವುದಿಲ್ಲ ಎಂದು ನನಗೆ ಹೇಳದವರೇ ಕಡಿಮೆ. ಪತಂಗಗಳನ್ನು ಚೆನ್ನಾಗಿ ಬಲ್ಲ ಗೆಳೆಯರೊಬ್ಬರು "ಹೆಸರಿಲ್ಲದ ಲೆಕ್ಕ ಇಟ್ಟುಕೊಂಡು ಏನ್ ಮಾಡ್ತೀಯ?" ಎಂದು ಪ್ರತಿ ಸಲ ಕೇಳುತ್ತಿದ್ದರು. ಈಗ ಅವರೇ ನನ್ನ ಅಳತೆಯ ಪರದೆ ಹೊಲಿಸಿಕೊಂಡಿದ್ದಾರೆ. ಒಂದು ಜಾಗದಲ್ಲಿ ಹುಳ ಕಡಿಮೆಯಾಗುತ್ತಿದೆ, ಸ್ವಲ್ಪ ದೂರದ ಇನ್ನೊಂದು ಜಾಗದಲ್ಲಿ ಕಡಿಮೆಯಾಗುತ್ತಿಲ್ಲ ಎಂದು ಮೊದಲು ತೋರಿಸಿದ್ದು ನನ್ನ ಹೆಸರಿಲ್ಲದ ಲೆಕ್ಕವೇ. ಕಾರಣ ಸಿಕ್ಕಿತು. ಅದನ್ನು ಸರಿಮಾಡಿದ ಮೇಲೆ ಸಂಖ್ಯೆ ಬಹುಪಾಲು ವಾಪಸ್ ಬಂತು. ಹೇಗೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಾಮಾನು ಹೆಚ್ಚೇನಿಲ್ಲ. ಬಿಳಿ ಪರದೆ, ಹುಳಗಳನ್ನು ಸೆಳೆಯುವ ಯುವಿ (ನೇರಳಾತೀತ ಬೆಳಕಿನ) ಟ್ಯೂಬ್, 12 ವೋಲ್ಟ್ ಬ್ಯಾಟರಿ, ಮೊಬೈಲ್. ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ: ಯಾವುದೂ ಬದಲಾಗಬಾರದು. ದೀಪ ಹಚ್ಚುವುದು ಗಡಿಯಾರ ನೋಡಿ ಅಲ್ಲ, ಸೂರ್ಯ ಮುಳುಗಿ 45 ನಿಮಿಷಕ್ಕೆ. ಎರಡು ಗಂಟೆ ಆದ ಮೇಲೆ ಆರಿಸುತ್ತೇನೆ. ನಡುವೆ ಮೂರು ಸಲ ಫೋಟೊ, ಪ್ರತಿ ಸಲ ಅದೇ ದೂರದಿಂದ. ಪರದೆಯ ಮೇಲೆ ಸುಮಾರು 10 ಸೆಂಟಿಮೀಟರ್ ಚೌಕಗಳನ್ನು ಕಪ್ಪು ದಾರದಲ್ಲಿ ಹೊಲಿಸಿದ್ದೇನೆ. ಐದು ಮಿಲಿಮೀಟರ್‌ಗಿಂತ ದೊಡ್ಡ ಹುಳಗಳನ್ನೆಲ್ಲ ಎಣಿಸುತ್ತೇನೆ. ಅದಕ್ಕಿಂತ ಸಣ್ಣವನ್ನು ಗೊತ್ತುಮಾಡಿದ ಐದು ಚೌಕಗಳಲ್ಲಿ ಮಾತ್ರ. ಗುಂಪು ಎಂಟೇ: ದೊಡ್ಡ ಪತಂಗ, ಸಣ್ಣ ಪತಂಗ, ದುಂಬಿ, ತಿಗಣೆ ಮತ್ತು ಜಿಗಿಹುಳು, ನೊಣ-ಸೊಳ್ಳೆ, ಕಣಜ-ಇರುವೆ, ರೆಕ್ಕೆಯ ಗೆದ್ದಲು, ಉಳಿದದ್ದು. ಏನೂ ಬರದ ರಾತ್ರಿ ಸೊನ್ನೆ ಬರೆಯುತ್ತೇನೆ. ಸೊನ್ನೆ ಬಿಟ್ಟವರ ಲೆಕ್ಕ ಯಾವಾಗಲೂ ಇದ್ದದ್ದಕ್ಕಿಂತ ಚೆನ್ನಾಗಿಯೇ ಕಾಣುತ್ತದೆ.

ಹೆಸರು ಬೇಕೇ ಬೇಕು ಎನ್ನುವವರಿಗೆ ನಾನು ಕ್ರೆಫೆಲ್ಡ್‌ನ ಕೆಲಸ ತೋರಿಸುತ್ತೇನೆ. ಜರ್ಮನಿಯ ಆ ಊರಿನ ಹವ್ಯಾಸಿಗಳು ಮೆಲೇಸ್ ಬಲೆಗೆ (ಹಾರುವ ಹುಳಗಳನ್ನು ಬಾಟಲಿಗೆ ಇಳಿಸುವ, ಡೇರೆಯಂಥ ಬಲೆ) ಬಿದ್ದ ಹುಳಗಳನ್ನು ಒಟ್ಟಿಗೆ ತೂಗಿ ಬರೆದಿಟ್ಟರು. 63 ಸಂರಕ್ಷಿತ ಜಾಗಗಳು, 27 ವರ್ಷ. 2017ರಲ್ಲಿ ಅದು ಪ್ರಕಟವಾದಾಗ ಹಾರುವ ಹುಳಗಳ ತೂಕ 76 ಶೇಕಡ ಇಳಿದದ್ದು ಗೊತ್ತಾಯಿತು. ಆ ಇಳಿಕೆಯನ್ನು ಹಿಡಿದದ್ದು ತಕ್ಕಡಿ, ಹೆಸರುಪಟ್ಟಿ ಅಲ್ಲ. ಅದರಲ್ಲೂ ಒಂದು ಕೊರತೆ ಇದೆ: ಅರ್ಧಕ್ಕಿಂತ ಹೆಚ್ಚು ಜಾಗಗಳಲ್ಲಿ ಬಲೆ ಕಟ್ಟಿದ್ದು ಒಂದೇ ವರ್ಷ. ಅದಕ್ಕೇ ನಾನು ಜಾಗ ಕಡಿಮೆ ಇರಲಿ, ಬಿಡದೆ ಅದೇ ಜಾಗಕ್ಕೆ ಹೋಗೋಣ ಎಂದು ತೀರ್ಮಾನಿಸಿದೆ.

ಈಗ ದುಡ್ಡಿನ ಮಾತು. ಒಟ್ಟು ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಬ್ಯಾಟರಿಗೇ ಹೋಗಿದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ, ಗೊತ್ತಿರುವುದೇ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ಸಾಯುವ ಮೊದಲು ವೋಲ್ಟೇಜ್ ಇಳಿಯುತ್ತದೆ, ಬೆಳಕು ಇಳಿಯುತ್ತದೆ, ಹುಳವೂ ಇಳಿಯುತ್ತದೆ. ನೋಡುವವರಿಗೆ ಕೀಟವೇ ಕಡಿಮೆಯಾದಂತೆ ಕಾಣುತ್ತದೆ. ವೋಲ್ಟೇಜ್ ಕದಲದಂತೆ ಹಿಡಿದಿಡುವ ಸಣ್ಣ ಬೋರ್ಡ್ ಹಾಕಿದ ಮೇಲೆ ಇದು ನಿಂತಿತು. ಆ ಬೋರ್ಡ್‌ಗೆ ಕೊಟ್ಟದ್ದು ಬ್ಯಾಟರಿಯ ಬೆಲೆಯ ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ.

ಟ್ಯೂಬ್ ಇನ್ನೂ ಮೋಸಗಾರ. ಉರಿಯುತ್ತಲೇ ಇರುತ್ತದೆ, ಕಣ್ಣಿಗೆ ಅದೇ ನೀಲಿ ಕಾಣುತ್ತದೆ, ಆದರೆ ಗಂಟೆಗಳು ಕಳೆದ ಹಾಗೆ ಒಳಗಿನ ಯುವಿ ಕಡಿಮೆಯಾಗುತ್ತದೆ. ಹಳೆ ಟ್ಯೂಬ್ ಒಂದು ರಾತ್ರಿ, ಹೊಸದು ಮರುರಾತ್ರಿ, ಹೀಗೆ ಅದಲುಬದಲು ಮಾಡಿ ನೋಡಿದೆ. ಹಳೆಯದಕ್ಕೆ ನಲವತ್ತು ಬಂದ ಕಡೆ ಹೊಸದಕ್ಕೆ ಅರವತ್ತರ ಹತ್ತಿರ ಬಂತು. ಅಂದರೆ ಟ್ಯೂಬ್ ಬದಲಿಸದೆ ವರ್ಷಗಟ್ಟಲೆ ಎಣಿಸಿ "ಹುಳ ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು" ಎಂದು ಯಾರಾದರೂ ಹೇಳಿದರೆ, ಮೊದಲು ಕೇಳಬೇಕಾದದ್ದು ಟ್ಯೂಬಿನ ವಯಸ್ಸು. ನಾನು ಉರಿದ ಗಂಟೆ ಬರೆದಿಡುತ್ತೇನೆ. ಟ್ಯೂಬ್ ಚೆನ್ನಾಗಿ ಉರಿಯುತ್ತಿದ್ದರೂ ಗೊತ್ತುಮಾಡಿದ ಗಂಟೆ ಮುಗಿದರೆ ತೆಗೆದಿಡುತ್ತೇನೆ. ಮನೆಯಲ್ಲಿ ಇದಕ್ಕೆ ಬೈಗುಳ ತಿಂದಿದ್ದೇನೆ, ಆದರೂ ನಿಲ್ಲಿಸಿಲ್ಲ.

ಪರದೆ ಒಗೆಯುವುದರಲ್ಲೂ ವಿಷಯ ಇದೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಹಲವು ಡಿಟರ್ಜೆಂಟ್‌ಗಳಲ್ಲಿ ಹೊಳಪಿನ ಪದಾರ್ಥ ಹಾಕಿರುತ್ತಾರೆ. ಅದು ಯುವಿ ಹೀರಿಕೊಂಡು ನೀಲಿಯಾಗಿ ಹೊಳೆಯುತ್ತದೆ. ಒಂದು ಸಲ ಅದರಲ್ಲಿ ಅದ್ದಿದರೆ ಮೊದಲಿನ ಪರದೆ ಉಳಿಯುವುದಿಲ್ಲ. ಈಗ ಬರೀ ನೀರು, ಕಲೆ ಇದ್ದರೆ ಸಾದಾ ಸೋಪು. ಒಂದೇ ಥಾನಿನ ಬಟ್ಟೆಯಲ್ಲಿ ಮುಂದಿನ ವರ್ಷಗಳಿಗೂ ಸೇರಿಸಿ ಹೊಲಿಸಿ ಇಟ್ಟಿದ್ದೇನೆ.

ಮೆಲೇಸ್ ಬಲೆಯೂ ಕೊಂಡಿದ್ದೆ. ಒಂದೇ ಸಲಕ್ಕೆ ಅಷ್ಟು ದುಡ್ಡು ಬೇರೆ ಯಾವ ಸಾಮಾನಿಗೂ ಕೊಟ್ಟಿಲ್ಲ. ಗಾಳಿಗೆ ಹರಿಯಿತು, ಹೊಲಿಸಿದೆ. ಬಿಸಿಲಿಗೆ ಬಟ್ಟೆ ಪುಡಿಪುಡಿಯಾಯಿತು. ಬಾಟಲಿಗೆ ಇರುವೆ ಸಾಲುಗಟ್ಟಿದವು. ಎಲ್ಲಕ್ಕಿಂತ ಜಾಸ್ತಿ ಬೇಸರ ಆದದ್ದು, ಒಂದೇ ವಾರಕ್ಕೆ ಬಾಟಲಿ ತುಂಬ ಸತ್ತ ಹುಳ. ಉಳಿದಿವೆಯಾ ಅಂತ ನೋಡೋಕೆ ಹೋಗಿ ಅಷ್ಟನ್ನು ಕೊಲ್ಲುವುದು ನನ್ನಿಂದ ಆಗಲಿಲ್ಲ. ತಂಡ ಕಟ್ಟಿಕೊಂಡು, ತೂಕ ಹಾಕಿ, ಮಾದರಿ ಕಾಪಾಡುವವರಿಗೆ ಅದು ಒಳ್ಳೆಯ ಸಾಧನ. ಒಬ್ಬರೇ ಮಾಡುವವರಿಗೆ ಅಲ್ಲ. ಅರ್ಧ ಬೆಲೆಗೆ ಮಾರಿದೆ.

ಹಲ್ಲಿಗಳ ಬಗ್ಗೆ ಹೇಳಲೇಬೇಕು. ಗೋಡೆಗೆ ಪರದೆ ಕಟ್ಟಿದರೆ ಹತ್ತೇ ದಿನದಲ್ಲಿ ಅವಕ್ಕೆ ಸಮಯ ಗೊತ್ತಾಗಿಬಿಡುತ್ತದೆ. ದೀಪ ಹತ್ತುವ ಮೊದಲೇ ಬಂದು ಕೂತಿರುತ್ತವೆ. ದೊಡ್ಡ ಪತಂಗವನ್ನೇ ಮೊದಲು ಹಿಡಿಯುತ್ತವೆ, ಹಾಗಾಗಿ ಆ ಗುಂಪಿನ ಲೆಕ್ಕವೇ ಕೆಡುತ್ತದೆ. ಗೋಡೆ ಬಿಟ್ಟು ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟಿಗೆ ಪರದೆ ಕಟ್ಟಿದೆ. ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಇರುವೆ ನಿಲ್ಲುತ್ತದೆ, ಹಲ್ಲಿ ಪೂರ್ತಿ ನಿಲ್ಲುವುದಿಲ್ಲ. ಹಲ್ಲಿಗೆ ನಾನು ಇನ್ನೊಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ. ಎರಡು ಗಂಟೆ ಆದ ಮೇಲೆ ದೀಪ ಆರಿಸುವುದಕ್ಕೂ ಇಂಥದ್ದೇ ಕಾರಣ. ಬೆಳಗಿನವರೆಗೆ ಬಿಟ್ಟರೆ ಹಕ್ಕಿಗಳು ಬಂದು ಉಳಿದದ್ದನ್ನೆಲ್ಲ ಹೆಕ್ಕುತ್ತವೆ.

ಇಷ್ಟೆಲ್ಲ ಮಾಡಿದರೂ ಅಂಕಿಗಳು ಕುಣಿಯುತ್ತವೆ. ಒಣ ದಿನಗಳಲ್ಲಿ ಮೂವತ್ತು ನಲವತ್ತು, ಮಳೆ ಬಿದ್ದ ಮೇಲೆ ನೂರೈವತ್ತು. ರೆಕ್ಕೆಯ ಗೆದ್ದಲು ಎದ್ದ ರಾತ್ರಿ ಎರಡು ಸಾವಿರ. ಇಂಥದ್ದಕ್ಕೆ ಸರಾಸರಿ ಹಾಕಿದರೆ ಆ ಒಂದು ರಾತ್ರಿಯೇ ಇಡೀ ತಿಂಗಳನ್ನು ನುಂಗುತ್ತದೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದೀಪದ ಬಲೆ ಇಟ್ಟಿದ್ದ ಕೀಟತಜ್ಞ ಸಿ. ಬಿ. ವಿಲಿಯಮ್ಸ್ 1937ರಲ್ಲೇ ಇಂಥ ಎಣಿಕೆಗೆ ಲಾಗರಿದಮ್ (ಭಾರಿ ಅಂಕಿಗಳ ಅಬ್ಬರ ತಗ್ಗಿಸುವ ಲೆಕ್ಕ) ಬಳಸಿ ಎಂದು ಬರೆದಿದ್ದರು. ನಾನು ಲಾಗ್ ಜೊತೆಗೆ ನಡುವಿನ ಅಂಕಿಯನ್ನೂ ನೋಡುತ್ತೇನೆ: ತಿಂಗಳ ರಾತ್ರಿಗಳನ್ನು ಸಾಲಾಗಿ ಇಟ್ಟರೆ ಮಧ್ಯಕ್ಕೆ ಬರುವುದು. ಗೆದ್ದಲಿನ ಗುಂಪನ್ನು ಮೊತ್ತದಿಂದ ಹೊರಗಿಟ್ಟಿದ್ದೇನೆ. ಹುಣ್ಣಿಮೆಯ ಹತ್ತಿರ ದೀಪಕ್ಕೆ ಬರುವುದು ಕಡಿಮೆ, ಹಾಗಾಗಿ ಎಣಿಕೆ ಅಮಾವಾಸ್ಯೆಯ ಆಚೀಚೆ ಮಾತ್ರ. ಜೋರು ಗಾಳಿ ಇದ್ದರೆ ಮರುದಿನಕ್ಕೆ ಹಾಕುತ್ತೇನೆ.

ಇಷ್ಟು ಬಿಗಿ ಯಾಕೆ ಬೇಕು? 2020ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ, ಸುಮಾರು 1,700 ಜಾಗಗಳ ಎಣಿಕೆಗಳನ್ನು ಒಟ್ಟುಗೂಡಿಸಿ, ನೆಲದ ಮೇಲಿನ ಕೀಟಗಳು ಹತ್ತು ವರ್ಷಕ್ಕೆ ಸುಮಾರು 9 ಶೇಕಡ ಇಳಿಯುತ್ತಿವೆ, ಸಿಹಿನೀರಿನವು ಸುಮಾರು 11 ಶೇಕಡ ಏರುತ್ತಿವೆ ಎಂದಿತು. ಒಂದು ರಾತ್ರಿಯಿಂದ ಇನ್ನೊಂದಕ್ಕೆ ಐದು ಪಟ್ಟು ಕುಣಿಯುವ ಸಂಖ್ಯೆಯಲ್ಲಿ ಹತ್ತು ವರ್ಷದ 9 ಶೇಕಡ ಕಾಣಿಸುವುದೇ ಇಲ್ಲ, ಅಲ್ವಾ? "ನಮ್ಮ ಕಾಲದಲ್ಲಿ ದೀಪದ ತುಂಬ ಹುಳ ಇರುತ್ತಿತ್ತು" ಎಂಬ ನೆನಪಿನ ಮೇಲಂತೂ ಇದನ್ನು ಅಳೆಯಲು ಆಗುವುದಿಲ್ಲ. ನೆನಪಿನಲ್ಲಿ ಉಳಿಯುವುದು ಗೆದ್ದಲು ಎದ್ದ ರಾತ್ರಿಯೇ.

ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಎರಡನೇ ಪರದೆ. ಮೊದಲನೆಯದರಿಂದ ಸುಮಾರು 400 ಮೀಟರ್ ದೂರ. ಅದೇ ಬಟ್ಟೆ, ಅದೇ ಟ್ಯೂಬ್, ಅದೇ ರಾತ್ರಿ. ಇದಕ್ಕೆ ಇನ್ನೊಬ್ಬರು ಬೇಕು, ಖರ್ಚು ಎರಡರಷ್ಟು. ಮಳೆ, ಚಳಿ, ಚಂದ್ರ ಎರಡಕ್ಕೂ ಒಂದೇ. ಹಾಗಾಗಿ ಎರಡರ ನಡುವಿನ ವ್ಯತ್ಯಾಸ ನೋಡಿದರೆ ಹವಾಮಾನದ ಕುಣಿತ ಬಹುಪಾಲು ಕಳೆದುಹೋಗುತ್ತದೆ.

ಮೊದಲ ಮೂರು ವರ್ಷ ಮಳೆಯ ತಿಂಗಳುಗಳಲ್ಲಿ ಎರಡೂ ಕಡೆ ನಡುವಿನ ಅಂಕಿ ಅರವತ್ತರ ಸುತ್ತ ಇತ್ತು. ಆಮೇಲೆ ಮೊದಲ ಪರದೆ ನಲವತ್ತಕ್ಕೆ ಬಂತು, ಮರುವರ್ಷ ಮೂವತ್ತೈದು. ಎರಡನೆಯದು ಐವತ್ತೈದರ ಕೆಳಗೆ ಇಳಿಯಲಿಲ್ಲ. ಅದೇ ಹೊತ್ತಿಗೆ ಮೊದಲ ಪರದೆಯ ಹತ್ತಿರದ ದಾರಿಗೆ ಹೊಸ ಬಿಳಿ ದೀಪಗಳು ಬಂದಿದ್ದವು. "ಹುಳ ಎಲ್ಲೂ ಹೋಗಿಲ್ಲ, ಆ ದೀಪಕ್ಕೆ ಹೋಗುತ್ತಿವೆ" ಎಂದು ಗೆಳೆಯರು ಹೇಳಿದರು. ಒಳ್ಳೆಯ ಪ್ರಶ್ನೆ. ಉತ್ತರ ಹಗಲಲ್ಲಿ ಹುಡುಕಬೇಕಿತ್ತು. 50 ಸೆಂಟಿಮೀಟರ್ ಚೌಕದ ಹೂಗಳ ಮುಂದೆ ಹತ್ತು ನಿಮಿಷ ಕೂತು ಬಂದ ಹುಳ ಎಣಿಸುವ ಪದ್ಧತಿ ಒಂದಿದೆ, ಅದನ್ನು ಮೊದಲಿನಿಂದಲೂ ಜೊತೆಗೆ ಮಾಡುತ್ತಾ ಬಂದಿದ್ದೆ. ಅಲ್ಲೂ ಹನ್ನೆರಡು ಹದಿಮೂರು ಬರುತ್ತಿದ್ದ ಕಡೆ ಏಳೆಂಟಕ್ಕೆ ಇಳಿದಿತ್ತು. ಹಗಲಿನ ಹುಳಕ್ಕೆ ದಾರಿದೀಪದ ಸೆಳೆತ ಇಲ್ಲ.

ಆಮೇಲೆ ಎಂಟು ಗುಂಪುಗಳನ್ನು ಬಿಡಿಬಿಡಿಯಾಗಿ ನೋಡಿದೆ. ದೊಡ್ಡ ಪತಂಗ ಹಾಗೇ ಇತ್ತು. ದೀಪ ಸೆಳೆದಿದ್ದರೆ ಅವೂ ಕಡಿಮೆಯಾಗಬೇಕಿತ್ತು. ದುಂಬಿಯೂ ಹೆಚ್ಚು ಇಳಿದಿರಲಿಲ್ಲ. ಬಿದ್ದದ್ದು ಎರಡೇ: ಸಣ್ಣ ಪತಂಗ ಮತ್ತು ಜಿಗಿಹುಳುಗಳ ಗುಂಪು. ಎರಡರಲ್ಲೂ ಹಲವಕ್ಕೆ ಹುಲ್ಲು ಮತ್ತು ಕಳೆಗಿಡ ಬೇಕು. ಪರದೆಯ ಪಕ್ಕದಲ್ಲಿ ಸುಮಾರು ಅರವತ್ತು ಹೆಜ್ಜೆ ಉದ್ದದ ಹುಲ್ಲಿನ ಅಂಚು ಇತ್ತು. ಅದನ್ನು ಯಂತ್ರದಲ್ಲಿ ತಿಂಗಳು ತಿಂಗಳು ನೆಲಮಟ್ಟಕ್ಕೆ ಬೋಳಿಸಲು ಶುರುಮಾಡಿದ್ದು ಸರಿಯಾಗಿ ಆ ವರ್ಷವೇ. ಜಾತಿಯ ಹೆಸರು ಒಂದೂ ಗೊತ್ತಿಲ್ಲದೆ, ಬರೀ ಗುಂಪಿನ ಲೆಕ್ಕದಿಂದ ಅಲ್ಲಿಗೆ ತಲುಪಿದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಜಾಗದವರ ಹತ್ತಿರ ಹೋಗಿ, ಅರ್ಧ ಅಂಚನ್ನು ಬೀಜ ಉದುರುವವರೆಗೆ ಮುಟ್ಟಬೇಡಿ ಎಂದು ಕೇಳಿಕೊಂಡೆ. ನನ್ನ ಎರಡು ಪರದೆಯ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬರೆದು ತೋರಿಸಿದೆ. ಮಾತಿಗಿಂತ ಆ ಹಾಳೆ ಕೆಲಸ ಮಾಡಿತು. ಮುಂದಿನ ಸೀಸನ್‌ನಲ್ಲಿ ಮೊದಲ ಪರದೆಯ ಅಂಕಿ ಸ್ವಲ್ಪ ಏರಿತು, ಅದರ ಮುಂದಿನದರಲ್ಲಿ ಐವತ್ತೆರಡರ ಹತ್ತಿರ ಬಂತು. ಬೋಳಿಸಿದ ಅರ್ಧ ಮತ್ತು ಬಿಟ್ಟ ಅರ್ಧದಲ್ಲಿ ಬಲೆ ಬೀಸಿಯೂ ನೋಡಿದೆ, ಎರಡೂ ಕಡೆ ಇಪ್ಪತ್ತು ಬೀಸು. ಬಿಟ್ಟ ಕಡೆ ಸುಮಾರು ಮೂರರಷ್ಟು ಹುಳ. ಇದು ಒಂದು ಅಂಚಿನ ಕಥೆ. ಆದರೆ ಆ ಅಂಚಿನ ಮಟ್ಟಿಗೆ ನನಗೆ ಯಾವ ಅನುಮಾನವೂ ಇಲ್ಲ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಗಾಡಿಯ ನಂಬರ್ ಪ್ಲೇಟಿಗೆ ಬಡಿದ ಹುಳ ಎಣಿಸಿದೆ. ಡೆನ್ಮಾರ್ಕ್‌ನಲ್ಲಿ ಮುಂಗಾಜಿಗೆ ಬಡಿದ ಹುಳಗಳನ್ನು 1997ರಿಂದ 2017ರವರೆಗೆ ಎಣಿಸಿ ಭಾರಿ ಇಳಿಕೆ ಕಂಡಿದ್ದಾರೆ. ಆದರೆ ಅಲ್ಲಿ ರಸ್ತೆ ಅದೇ. ನನ್ನ ಓಡಾಟದಲ್ಲಿ ದಾರಿ, ವೇಗ, ಸಮಯ ಯಾವುದೂ ಒಂದೇ ಇರಲಿಲ್ಲ, ಬಿಟ್ಟೆ. ಜೀರುಂಡೆ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಸೆಕೆ ಜಾಸ್ತಿ ಇದ್ದರೆ ಅವು ಬೇಗಬೇಗ ಕೂಗುತ್ತವೆ, ಹಾಗಾಗಿ ಸಿಕ್ಕಿದ್ದು ಹುಳದ ಲೆಕ್ಕಕ್ಕಿಂತ ಉಷ್ಣಾಂಶದ ಲೆಕ್ಕ. ಬೇಲಿಯ ಜೇಡರ ಬಲೆ ಎಣಿಸುವುದು ಮಾತ್ರ ಈಗಲೂ ಮಾಡುತ್ತೇನೆ. ಹುಳ ಕಡಿಮೆಯಾದ ವರ್ಷ ಬಲೆಯೂ ಕಡಿಮೆ ಇತ್ತು. ಖರ್ಚಿಲ್ಲ, ಕರೆಂಟ್ ಬೇಡ. ಕೊಳೆತ ಹಣ್ಣಿನ ಸಿಹಿಯನ್ನು ಮರಕ್ಕೆ ಬಳಿದು, ದೀಪಕ್ಕೆ ಬರದ ಪತಂಗಗಳನ್ನೂ ಕರೆಸಿದ್ದೇನೆ. ನನ್ನ ಮಿಶ್ರಣದ ಪಾಲು ಕೇಳಬೇಡಿ. ಅದು ಸರಿ ಕೂರಲು ಎರಡು ವರ್ಷ ಹಿಡಿದಿದೆ.

ಈ ವರ್ಷದ ಕೆಲಸ ಎಲ್‌ಇಡಿ. ಟ್ಯೂಬ್ ಸಿಗುವುದು ಕಷ್ಟವಾಗುತ್ತಿದೆ, ಯುವಿ ಬೆಳಕು ಕೊಡುವ 365 ನ್ಯಾನೊಮೀಟರ್ ಎಲ್‌ಇಡಿಗೆ ಹೋಗಲೇಬೇಕು. ಸುಮ್ನೆ ಬದಲಿಸಿದರೆ ಹಳೆಯ ವರ್ಷಗಳ ಲೆಕ್ಕ ಅಲ್ಲಿಗೇ ತುಂಡಾಗುತ್ತದೆ. ಅದಕ್ಕೆ ಒಂದು ಇಡೀ ಸೀಸನ್ ಎರಡನ್ನೂ ರಾತ್ರಿ ಬಿಟ್ಟು ರಾತ್ರಿ ಹಚ್ಚುತ್ತಿದ್ದೇನೆ. ಇಲ್ಲಿಯವರೆಗೆ ಟ್ಯೂಬಿಗೆ ಹತ್ತು ಬಂದರೆ ಎಲ್‌ಇಡಿಗೆ ಎಂಟು. ದುಂಬಿಗಳಲ್ಲಿ ಮಾತ್ರ ಎರಡೂ ಸಮ. ಹಾಗಾಗಿ ಎಲ್‌ಇಡಿಯ ಲೆಕ್ಕವನ್ನು ಟ್ಯೂಬಿನ ಲೆಕ್ಕಕ್ಕೆ ಹೊಂದಿಸಲು ಎಲ್ಲಕ್ಕೂ ಒಂದೇ ಗುಣಕ ಹಾಕಲು ಆಗುವುದಿಲ್ಲ, ಗುಂಪಿಗೊಂದು ಬೇಕು. ಸಣ್ಣ ಪತಂಗಗಳ ಗುಣಕ ಇನ್ನೂ ಕದಲುತ್ತಿದೆ. ಅದು ನಿಂತ ಮೇಲೆಯೇ ಟ್ಯೂಬುಗಳನ್ನು ಕಳಚುತ್ತೇನೆ.