ಚಳಿಗೆ ಸಾಯದ ಗಿಡ ನೀರಿಗೆ ಸತ್ತಿತು

ಮೊದಲ ವರ್ಷ ನಾನು ಆರು ಗಿಡ ಕೊಂದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಹಿತ್ತಲಿರುವ ಮನೆ ಸಿಕ್ಕಿದ ಖುಷಿಗೆ ನರ್ಸರಿಯಿಂದ ಆಲ್ಪೈನ್ ಗಿಡಗಳನ್ನು, ಅಂದರೆ ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಗಿಡಗಳನ್ನು, ತಂದಿದ್ದೆ. ಒಂದೊಂದೂ ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಮೈನಸ್ 15 ಡಿಗ್ರಿ ಚಳಿಯನ್ನೂ ತಡೆಯುತ್ತವೆ ಅಂತ ಚೀಟಿಯಲ್ಲಿ ಬರೆದಿತ್ತು. ಮೂಲೆಯಲ್ಲಿ ಮಣ್ಣು ಗುಡ್ಡೆ ಹಾಕಿ, ನಾಲ್ಕು ಕಲ್ಲು ನಿಲ್ಲಿಸಿ, ನಡುವೆ ಗಿಡ ನೆಟ್ಟೆ. ನೋಡಿದರೆ ಥೇಟ್ ನಮ್ಮೂರ ನಾಗರಕಟ್ಟೆ. ಫೆಬ್ರವರಿಯಲ್ಲಿ ಒಂದನ್ನು ಮುಟ್ಟಿದೆ, ನೆತ್ತಿ ಕೈಗೇ ಕಿತ್ತು ಬಂತು. ಕೊಳೆತ ಬಾಳೆಹಣ್ಣಿನ ಹಾಗೆ ಲೊಳಲೊಳ.

ಆ ವರ್ಷ ಚಳಿ ಮೈನಸ್ 5ರ ಹತ್ತಿರಕ್ಕೂ ಹೋಗಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಇಣುಕಿ ನೋಡಿದರು. ಇಂಥ ಗಿಡಗಳಲ್ಲೇ ನಲವತ್ತು ವರ್ಷ ಕಳೆದವರು. "ಇವು ಚಳಿಗೆ ಸತ್ತಿಲ್ಲ, ಮುಳುಗಿ ಸತ್ತಿವೆ" ಅಂದರು.

ಅದು ಅರ್ಥವಾಗಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಈ ಗಿಡಗಳ ತವರು ಮರ ಬೆಳೆಯದಷ್ಟು ಎತ್ತರದ ಬೆಟ್ಟ. ಅಲ್ಲಿ ಚಳಿಗಾಲವಿಡೀ ಹಿಮದ ಅಡಿಯಲ್ಲಿ ಮಲಗಿರುತ್ತವೆ. ಹಿಮ ಒಂದು ಕಂಬಳಿ ಇದ್ದಹಾಗೆ. ಹೊರಗೆ ಎಷ್ಟೇ ಕೊರೆದರೂ ಒಳಗೆ ಸೊನ್ನೆಯ ಆಸುಪಾಸು, ಮತ್ತೆ ಬಹುಮಟ್ಟಿಗೆ ಒಣಗಿಯೇ ಇರುತ್ತದೆ. ವಸಂತದಲ್ಲಿ ಹಿಮ ಕರಗಿದ ನೀರು ಜಲ್ಲಿಯ ಸಂದಿಯಲ್ಲಿ ಇಳಿದು ಹೋಗುತ್ತದೆ, ನಿಲ್ಲುವುದಿಲ್ಲ. ಎಡಿನ್‌ಬರೊ ಹಾಗಲ್ಲ. ವರ್ಷದ ಮಳೆ ಸುಮಾರು 700 ಮಿ.ಮೀ., ಬೆಂಗಳೂರಿಗಿಂತ ಕಡಿಮೆಯೇ. ಆದರೆ ಬೆಂಗಳೂರಿನಲ್ಲಿ ಧೋ ಅಂತ ಸುರಿದು ಮರುದಿನ ಬಿಸಿಲು ಕಾಯುತ್ತೆ. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಕತ್ತಲೆ, ಜಿಟಿಜಿಟಿ ಜಿನುಗು. ನೆಂದ ಮಣ್ಣು ತಿಂಗಳಾದರೂ ಒಣಗಲ್ಲ.

ಅಜ್ಜಿಯ ಮಾತು ಕೇಳಿ ಒಂದು ಭಾನುವಾರ ಇಲ್ಲಿನ ರಾಯಲ್ ಬೊಟಾನಿಕ್ ಗಾರ್ಡನ್‌ಗೆ ಹೋದೆ. ತೋಟ ಶುರುವಾಗಿದ್ದು 1670ರಲ್ಲಿ. ಅದರ ಕಲ್ಲುತೋಟವನ್ನು 1908ರಿಂದ 1914ರ ನಡುವೆ ಹೊಸದಾಗಿ ಕಟ್ಟಿದರು. ಹೂವು ನೋಡುವುದು ಬಿಟ್ಟು ಎರಡು ಗಂಟೆ ಬರೀ ಕಲ್ಲು ನೋಡಿದೆ. ಯಾವ ಕಲ್ಲೂ ಮಣ್ಣಿನ ಮೇಲೆ ಇಟ್ಟಹಾಗೆ ಕಾಣಲ್ಲ, ಮುಕ್ಕಾಲು ಪಾಲು ಹೂತಿದೆ. ಪದರಗಳೆಲ್ಲ ಒಂದೇ ಕಡೆ ವಾಲಿವೆ, ಒಳಗೆ ದೊಡ್ಡ ಬಂಡೆಯೇ ಇರುವ ಹಾಗೆ. ಗಿಡದ ಕುತ್ತಿಗೆಯ ಸುತ್ತ ಮಣ್ಣೇ ಇಲ್ಲ, ಬರೀ ಜಲ್ಲಿ. ಬಂಡೆ ಸಂದಿಯಲ್ಲಿ ಹುಲ್ಲು ಹುಟ್ಟುವುದನ್ನು ನೋಡುತ್ತಲೇ ಬೆಳೆದ ತಿಪಟೂರು ಕಡೆಯವನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ನನ್ನ ಹಿತ್ತಲಿಗೆ ಅಷ್ಟು ದೊಡ್ಡ ಬಂಡೆಗಳು ಆಗುವ ಮಾತಲ್ಲ. ಹಾಗಾಗಿ ಬಾನಿ ಮಾಡಲು ಹೊರಟೆ. ಹಿಂದೆ ಇಲ್ಲಿ ದನಕರು ನೀರು ಕುಡಿಯುತ್ತಿದ್ದ ಕಲ್ಲುಬಾನಿಗಳಲ್ಲಿ ಆಲ್ಪೈನ್ ಬೆಳೆಸುವ ರೂಢಿಯಿದೆ. ನಮ್ಮ ಕೊಟ್ಟಿಗೆಯ ಕಲಗಚ್ಚಿನ ಬಾನಿಗೆ ಅಣ್ಣತಮ್ಮ. ಹಳೆಯದು ಕೊಳ್ಳಲು ಹೋದರೆ ಜೇಬು ಖಾಲಿ. ಅದಕ್ಕೇ ಜನ ಹೈಪರ್‌ಟುಫಾ ಅನ್ನುವ ನಕಲಿ ಕಲ್ಲು ಮಾಡಿಕೊಳ್ಳುತ್ತಾರೆ. ಸಿಮೆಂಟ್ ಒಂದು ಪಾಲು, ದಪ್ಪ ಮರಳು ಒಂದು ಪಾಲು, ಪೀಟ್ (ಜೌಗು ನೆಲದಿಂದ ತೆಗೆದ ಅರೆಕೊಳೆತ ಪಾಚಿ) ಎರಡು ಪಾಲು. ನಾನು ಪೀಟ್ ಬದಲು ಕೋಕೋಪೀಟ್ ಹಾಕಿದೆ. ತೆಂಗಿನ ಸೀಮೆಯವನು ಸ್ಕಾಟ್ಲೆಂಡಿನಲ್ಲಿ ತೆಂಗಿನ ನಾರಿನ ಪುಡಿಯನ್ನು ದುಡ್ಡು ಕೊಟ್ಟು ತಂದೆ, ಏನು ಹೇಳಲಿ!

ಒಣಗಿದ್ದಾಗಲೇ ಮೂರನ್ನೂ ಕಲಸಿ ಆಮೇಲೆ ನೀರು ಚಿಮುಕಿಸಬೇಕು. ಹದ ತಂಬಿಟ್ಟಿನದು: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಒಂದೆರಡು ಹನಿ ಜಿನುಗಬೇಕು, ಅಷ್ಟೇ. ಕೈಗವಸು ಮರೆಯಬೇಡಿ, ಸಿಮೆಂಟ್ ಚರ್ಮ ಸುಡುತ್ತೆ. 60 ಸೆಂ.ಮೀ. ಉದ್ದದ ರಟ್ಟಿನ ಡಬ್ಬಿಯೊಳಗೆ ಇನ್ನೊಂದು ಸಣ್ಣ ಡಬ್ಬಿ ಇಟ್ಟು, ನಡುವಿನ 5 ಸೆಂ.ಮೀ. ಸಂದಿಗೆ ಇದನ್ನು ಗಟ್ಟಿಯಾಗಿ ತುಂಬಿದೆ. ತಳಕ್ಕೂ ಅಷ್ಟೇ ದಪ್ಪ. ನೀರು ಹೋಗಲು ತಳದಲ್ಲಿ ಮರದ ಗೂಟ ನಿಲ್ಲಿಸಿ ಆಮೇಲೆ ಕಿತ್ತೆ. ಪ್ಲಾಸ್ಟಿಕ್ ಹೊದಿಸಿ ಎರಡು ದಿನ ಬಿಟ್ಟು ಡಬ್ಬಿ ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ ಒರಟು ಮಾಡಿದೆ. ಸಿಮೆಂಟಿನ ಸುಣ್ಣ ಇಳಿದು ಹೋಗಲಿ ಅಂತ ಒಂದೂವರೆ ತಿಂಗಳು ಮಳೆಗೆ ಇಟ್ಟೆ.

ಬೇಗ ಹಾವಸೆ ಹಿಡಿದು ಹಳೆಯ ಕಲ್ಲಿನ ಹಾಗೆ ಕಾಣಲಿ ಅಂತ ಹೊರಮೈಗೆ ಮೊಸರು ಬಳಿಯುತ್ತಾರೆ. ನಾನು ಬಳಿಯುತ್ತಿದ್ದಾಗಲೇ ಅಮ್ಮನ ವಿಡಿಯೋ ಕಾಲ್ ಬಂತು.

"ಅದೇನೋ ಅದು, ಕಲ್ಲಿಗೆ ಬಿಳೀದು ಬಳೀತಿದೀಯಾ?"

"ಮೊಸರಮ್ಮ."

"ಮೊಸರಾ! ಅಭಿಷೇಕ ಮಾಡೋದಾದ್ರೆ ಸ್ನಾನ ಮಾಡ್ಕೊಂಡಾದ್ರೂ ಮಾಡೋ."

ಇನ್ನು ಮಣ್ಣು. ನಾನು ಹಾಕಿದ್ದು ತೋಟದ ಮಣ್ಣು ಒಂದು ಪಾಲು, ಎಲೆಗೊಬ್ಬರ ಒಂದು ಪಾಲು, ಜಲ್ಲಿ ಎರಡು ಪಾಲು. ನಮ್ಮ ಕಡೆ ಮನೆ ಕಟ್ಟುವಾಗ ಬೇಬಿ ಜಲ್ಲಿ ಅಂತಾರಲ್ಲ, ಅದಕ್ಕಿಂತ ಸಣ್ಣದು, 3ರಿಂದ 6 ಮಿ.ಮೀ. ಅರ್ಧಕ್ಕರ್ಧ ಕಲ್ಲು ಹಾಕಲು ಮೊದಲು ಕೈ ಬರಲ್ಲ, ಆದರೂ ಹಾಕಿ. ಮೇಲೆ ಚಪ್ಪಟೆ ಸ್ಲೇಟ್ ಕಲ್ಲುಗಳನ್ನು ಕಪಾಟಿನ ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿ, ನಡುವೆ ಎರಡು ಬೆರಳಷ್ಟು ಸಂದಿ ಬಿಟ್ಟೆ. ಈ ಸಂದಿ ತೋಟದ ಪದ್ಧತಿಯನ್ನು ಬೆಳೆಸಿದವರಲ್ಲಿ ಚೆಕ್ ದೇಶದ ತೋಟಗಾರರು ಮುಂದು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ನೆತ್ತಿ ಒಣಗಿರುತ್ತೆ, ಬೇರು ಕಲ್ಲಿನ ತಂಪು ಹುಡುಕಿಕೊಂಡು ಆಳಕ್ಕೆ ಇಳಿಯುತ್ತೆ.

ಮೊದಲು ನೆಟ್ಟಿದ್ದು ಸ್ಯಾಕ್ಸಿಫ್ರೇಜ್. ಕುಂಡದಿಂದ ತೆಗೆದು, ಬಕೆಟ್ ನೀರಿನಲ್ಲಿ ಬೇರು ಅಲ್ಲಾಡಿಸಿ ನರ್ಸರಿ ಮಣ್ಣನ್ನೆಲ್ಲ ತೊಳೆದೆ. ಆ ಮೆತ್ತನೆ ಮಣ್ಣು ಬಿಟ್ಟರೆ ಬೇರು ಅದರಲ್ಲೇ ಸುತ್ತಿಕೊಂಡು ಕೂರುತ್ತೆ. ಒದ್ದೆ ದಾರದಂತಾದ ಬೇರನ್ನು ಸಂದಿಗೆ ಇಳಿಬಿಟ್ಟು, ಚಮಚದ ಹಿಡಿಯಿಂದ ಜಲ್ಲಿಮಣ್ಣು ತುರುಕಿದೆ. ಎಲೆಯ ಅಂಚನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸುತ್ತಲೂ ಬಿಳಿ ಚುಕ್ಕಿ, ರಂಗೋಲಿ ಪುಡಿ ಉದುರಿದ ಹಾಗೆ. ಗಿಡವೇ ಎಲೆಯಂಚಿನ ರಂಧ್ರಗಳಿಂದ ಹೊರಹಾಕಿದ ಸುಣ್ಣ ಅದು. ಲ್ಯಾಟಿನ್‌ನಲ್ಲಿ ಸ್ಯಾಕ್ಸಿಫ್ರಾಗ ಅಂದರೆ ಕಲ್ಲು ಒಡೆಯುವುದು ಅಂತ. ಇದೇ ಕುಟುಂಬದ ಹಿಮಾಲಯದ ಗಿಡವೊಂದರ ಬೇರು ನಮ್ಮ ಆಯುರ್ವೇದದಲ್ಲಿ ಮೂತ್ರದ ಕಲ್ಲಿಗೆ ಔಷಧಿ, ಹೆಸರು ಪಾಷಾಣಭೇದ. ಎರಡು ಕಡೆಯವರಿಗೂ ಒಂದೇ ಹೆಸರು ಹೊಳೆದಿದ್ದು ನೋಡಿ ನನಗೆ ಸುಮ್ನೆ ಖುಷಿಯಾಯಿತು.

ಎಲ್ಲವೂ ಬದುಕಲಿಲ್ಲ. ಸೆಂಪರ್ವೈವಮ್ ಯಾರು ನೆಟ್ಟರೂ ಬರುತ್ತೆ, ಅದರ ಬಗ್ಗೆ ಹೇಳುವಂಥದ್ದಿಲ್ಲ. ಅಮೆರಿಕದ ಪಶ್ಚಿಮ ಬೆಟ್ಟಗಳ ಲೂಯಿಸಿಯಾ ಮಾತ್ರ ಎರಡು ಸಲ ಕೊಳೆಯಿತು. ಮೂರನೆಯದನ್ನು ಗೋಡೆಗೆ ಮೊಳೆ ಹೊಡೆದ ಹಾಗೆ ಅಡ್ಡಕ್ಕೆ ನೆಟ್ಟೆ. ನೆತ್ತಿಯಲ್ಲಿ ನೀರು ನಿಲ್ಲಲ್ಲ, ಈಗ ಚೆನ್ನಾಗಿದೆ. ಮೆತ್ತೆಯ ಹಾಗೆ ಬೆಳೆಯುವ ಆಂಡ್ರೊಸಾಸೆಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹಳೆಯ ಫೋಟೋ ಫ್ರೇಮಿನ ಗಾಜು ಚಾವಣಿ. ನಾಲ್ಕು ಕಲ್ಲಿನ ಮೇಲೆ ಎತ್ತಿ ಇಡುತ್ತೇನೆ, ಸುತ್ತ ಗಾಳಿ ಆಡಬೇಕಲ್ಲ. ಹೊಸ ಗಿಡಗಳನ್ನು ಕಪ್ಪು ಹಕ್ಕಿಗಳು ಕಿತ್ತು ಎಸೆಯುತ್ತವೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ದಿನಾ ಬೆಳಿಗ್ಗೆ ಮತ್ತೆ ನೆಡುವುದೊಂದೇ.

ಜೆನ್ಷಿಯನ್ ಎರಡು ವರ್ಷ ಬರೀ ಎಲೆ ಬಿಟ್ಟಿತು. ನೆರಳು ಜಾಸ್ತಿಯಾಯಿತು ಅನ್ನಿಸಿ ಬಾನಿಯನ್ನೇ ಬಿಸಿಲಿಗೆ ಎಳೆದೆವು. ಎಳೆಯಲು ಇಬ್ಬರು ಬೇಕಾಯಿತು, ನಂತರ ಒಬ್ಬರಿಗೆ ಬೆನ್ನುನೋವು. ಮರುವರ್ಷ ಮೇ ತಿಂಗಳಲ್ಲಿ ಕಹಳೆಯಂಥ ಹೂ ಬಂತು, ಗಿಡಕ್ಕಿಂತ ದೊಡ್ಡದು. ಶಾಯಿ ಬಾಟಲಿಯೊಳಗೆ ಇಣುಕಿದಂಥ ನೀಲಿ, ಗಂಟಲಲ್ಲಿ ಹಸಿರು ಚುಕ್ಕಿ. ಅಮ್ಮನಿಗೆ ಫೋಟೋ ಕಳಿಸಿದೆ. "ಶಂಖಪುಷ್ಪ ಬೇಲಿ ತುಂಬಾ ಇದೆಯಲ್ಲೋ ಇಲ್ಲಿ" ಅಂದಳು.

ಈಗ ಬೀಜದಿಂದಲೂ ಬೆಳೆಸುತ್ತಿದ್ದೇನೆ. 1933ರಲ್ಲಿ ಶುರುವಾದ ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್ ಪ್ರತಿ ವರ್ಷ ಸದಸ್ಯರ ನಡುವೆ ಬೀಜ ಹಂಚುತ್ತದೆ. ಇಂಥ ಎಷ್ಟೋ ಬೀಜಗಳಿಗೆ ಕೆಲವು ವಾರ ಚಳಿ ತಗುಲದಿದ್ದರೆ ಮೊಳಕೆ ಬರಲ್ಲ. ಜನವರಿಯಲ್ಲಿ ಬಿತ್ತಿ, ಮೇಲೆ ತೆಳ್ಳಗೆ ಜಲ್ಲಿ ಉದುರಿಸಿ ಹೊರಗಿಟ್ಟೆ. ಮೊನ್ನೆ ರಾತ್ರಿ ಹಿಮ ಬಿತ್ತು. ಕುಂಡಗಳು ಹೆಪ್ಪುಗಟ್ಟಿವೆ, ಒಳಗೆ ತರೋಣವಾ ಅಂತ ಮಗಳು ಕೇಳಿದಳು. ಬೇಡ, ಇರಲಿ ಅಂದೆ. ಅವಳು ಹೋಗಿ ಚೀಟಿಗಳ ಮೇಲಿನ ಹಿಮವನ್ನಷ್ಟೇ ಒರೆಸಿ ಬಂದಳು.