ವ್ಯಾನ್ ಬಿಟ್ಟು ಸಂತೆಗೆ: ಪುಣೆಯ ಕಟ್ಟಡ ಕೂಲಿಗಳ ಬಿಪಿ ಹಿಡಿತಕ್ಕೆ ತಂದ ಬಗೆ

ಔಷಧ ಕಂಪನಿಯ ಸಿಎಸ್‌ಆರ್ (ಲಾಭದಿಂದ ಸಮಾಜಕ್ಕೆಂದು ಕೊಡುವ) ಹಣದಲ್ಲಿ ಬಿಪಿ, ಸಕ್ಕರೆ ತಪಾಸಣೆ ನಡೆಸುವವರಿಗೆಲ್ಲ ಗೊತ್ತಿರುವ ಸಂಗತಿ ಒಂದಿದೆ. ವರದಿಯಲ್ಲಿ 'ತಪಾಸಣೆಗೆ ಒಳಗಾದವರು' ಸಾವಿರಗಟ್ಟಲೆ ಇರುತ್ತಾರೆ. ಎರಡನೇ ತಿಂಗಳ ಮಾತ್ರೆಗೆ ಮರಳಿ ಬಂದವರ ಲೆಕ್ಕ ಎಲ್ಲೂ ಇರುವುದಿಲ್ಲ. ವಾರ್ಜೆ, ಕಾತ್ರಜ್ ಕಡೆಯ ಮಜೂರ ಅಡ್ಡಾಗಳ (ಕೂಲಿಗಳು ಬೆಳಿಗ್ಗೆ ಕೆಲಸಕ್ಕೆ ಕಾಯುವ ಜಾಗ) ಜನರಲ್ಲಿ ನಮ್ಮ ಟ್ರಸ್ಟಿನಿಂದ ನಾವು ಆ ಎರಡನೇ ಲೆಕ್ಕವನ್ನೇ ಹಿಡಿದು ಕೆಲಸ ಮಾಡಿದೆವು. ಬಸ್ತಿಗೆ ಹೋಗುವ ತಪಾಸಣಾ ವ್ಯಾನ್ ಕೈಬಿಟ್ಟೆವು, ಸಮಯ ಬದಲಿಸಿದೆವು, ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟೆವು. ಮೂರಕ್ಕೂ ಆಕ್ಷೇಪ ಬಂದಿತ್ತು. ಈಗ ನಮ್ಮಲ್ಲಿ ಹೆಸರು ಬರೆಸಿ ಕಾರ್ಡು ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯ ಬಿಪಿ 140/90ರ ಕೆಳಗಿದೆ. ವ್ಯಾನ್ ಇದ್ದಾಗ ಹತ್ತರಲ್ಲಿ ಇಬ್ಬರದ್ದು ಇದ್ದರೆ ಹೆಚ್ಚು.

ವ್ಯಾನಿನ ತೊಂದರೆ ಹೊತ್ತಿನದು. ಅದು ಹತ್ತು ಗಂಟೆಗೆ ಬಸ್ತಿಗೆ ಬರುತ್ತದೆ. ಆಗ ಕಲಬುರಗಿ, ಯಾದಗಿರಿ, ವಿಜಯಪುರದ ನಮ್ಮ ಜನ ಯಾವುದೋ ಸೈಟಿನ ಎಂಟನೇ ಮಾಳಿಗೆಯಲ್ಲಿ ಸೆಂಟ್ರಿಂಗ್ ಕಟ್ಟುತ್ತಿರುತ್ತಾರೆ. ವ್ಯಾನಿಗೆ ಸಿಗುವವರು ಮನೆಯಲ್ಲಿ ಉಳಿದ ವಯಸ್ಸಾದವರು, ಬಾಣಂತಿಯರು, ಮೈಕೈ ನೋವಿಗೆ ಮುಲಾಮು ಕೇಳುವವರು. ಖರ್ಚು ನೋಡಿದರೆ ಪೂರ್ಣಾವಧಿ ಡಾಕ್ಟರು, ಫಾರ್ಮಸಿಸ್ಟು, ಚಾಲಕ, ಡೀಸೆಲ್, ದುರಸ್ತಿ, ವಿಮೆ ಎಲ್ಲ ಸೇರಿ ವರ್ಷಕ್ಕೆ 22-24 ಲಕ್ಷ ರೂಪಾಯಿ. ಅದರಲ್ಲಿ ಮಾತ್ರೆಯ ಪಾಲು ಎರಡು ಲಕ್ಷವೂ ಇಲ್ಲ. ಬಿಪಿಯ ಆಮ್ಲೊಡಿಪಿನ್ 5 ಮಿಲಿಗ್ರಾಂ ಜೆನೆರಿಕ್ ಮಾತ್ರೆಗೆ ಒಂದು ರೂಪಾಯಿಗಿಂತ ಕಡಿಮೆ ಬೀಳುತ್ತದೆ. ಕೊರತೆ ಇದ್ದದ್ದು ಮಾತ್ರೆಯದಲ್ಲ.

ಜಾಗತಿಕ ದಾನ ಯೋಜನೆಗಳು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿವೆ. ಕಪ್ಪು ನೊಣ ಕಚ್ಚಿ ಬರುವ ನದಿ ಕುರುಡು ರೋಗಕ್ಕೆ ಮರ್ಕ್ ಕಂಪನಿ 1987ರಲ್ಲಿ ಐವರ್‌ಮೆಕ್ಟಿನ್ ಮಾತ್ರೆಯನ್ನು ಬೇಕಾದಷ್ಟು, ಬೇಕಾಗುವವರೆಗೂ ಪುಕ್ಕಟೆ ಕೊಡುವುದಾಗಿ ಘೋಷಿಸಿತು. ಮಾತ್ರೆ ಇತ್ತು, ಊರೂರಿಗೆ ವಾಹನದಲ್ಲಿ ತಂಡ ಕಳಿಸಿ ಹಂಚುವುದು ದುಬಾರಿಯಾಯಿತು. 1995ರಲ್ಲಿ ಶುರುವಾದ ಆಫ್ರಿಕಾದ ನಿಯಂತ್ರಣ ಕಾರ್ಯಕ್ರಮದಲ್ಲಿ ಹಂಚುವವರು ಯಾರು, ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ಅನ್ನುವುದನ್ನು ಆಯಾ ಊರಿನವರಿಗೇ ಬಿಟ್ಟರು. ತೂಕದ ಯಂತ್ರವೂ ಬೇಡವೆಂದು ಎತ್ತರ ಅಳೆಯುವ ಕೋಲಿನ ಮೇಲೆಯೇ ಎಷ್ಟು ಮಾತ್ರೆ ಎಂದು ಗುರುತು ಹಾಕಿದರು. ಆನೆಕಾಲು ರೋಗಕ್ಕೆ ಈ ಐವರ್‌ಮೆಕ್ಟಿನ್ ಸೇರಿ ಮೂರು ಔಷಧ ಒಟ್ಟಿಗೆ ಕೊಡುವ ಪದ್ಧತಿ ನಮ್ಮಲ್ಲಿ ಬಂದಾಗ ಮೊದಲ ಜಿಲ್ಲೆಗಳಲ್ಲಿ ಯಾದಗಿರಿಯೂ ಇತ್ತು. ಆ ಕಡೆಯ ಕೂಲಿಗಳಿಗೆ ಆ ಕೋಲು ಹೊಸದಲ್ಲ.

ಇನ್ನೊಂದು ಉದಾಹರಣೆ ನಮ್ಮ ಕೆಲಸಕ್ಕೆ ಇನ್ನೂ ಹತ್ತಿರ. ನೊವಾರ್ಟಿಸ್ 2015ರಲ್ಲಿ ಬಿಪಿ, ಸಕ್ಕರೆ, ಹೃದಯ, ಉಸಿರಾಟದಂಥ ಕಾಯಿಲೆಗಳ 15 ಔಷಧಗಳನ್ನು ತಿಂಗಳ ಚಿಕಿತ್ಸೆಗೆ ಒಂದು ಡಾಲರಿನಂತೆ ಕೊಡುವ ಯೋಜನೆಯನ್ನು ಮೊದಲು ಕೆನ್ಯಾದಲ್ಲಿ ತಂದಿತು. ಹೊರಗಿನವರು ಅಳೆದು ನೋಡಿದಾಗ ಆಮ್ಲೊಡಿಪಿನ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆಸ್ಪತ್ರೆಗಳಲ್ಲಿ ಮೊದಲಿಗಿಂತ ಹೆಚ್ಚು ಸಿಗುತ್ತಿದ್ದವು, ಆದರೆ ರೋಗಿಯ ಮನೆಯಲ್ಲಿ ಮಾತ್ರೆ ಇರುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಈ ಫಲಿತಾಂಶವನ್ನು ಬಿಚ್ಚಿಟ್ಟಿದ್ದು ಒಳ್ಳೆಯ ಕೆಲಸ. ನಮ್ಮ ಪ್ರಸ್ತಾವದ ಮೊದಲ ಪುಟದಲ್ಲಿ ಇದನ್ನೇ ಹಾಕಿ, 'ಹಣವನ್ನು ಕಪಾಟಿನಿಂದ ಮನೆಯವರೆಗಿನ ದಾರಿಗೆ ಕೊಡಿ' ಎಂದು ಕೇಳಿದೆವು.

ಯಾವ ಹೊತ್ತು ಅನುಕೂಲ ಎಂದು ಅಡ್ಡಾದಲ್ಲೇ ಕೇಳಿದೆವು. ಬೆಳಿಗ್ಗೆ ಎಲ್ಲರೂ ಒಂದೆಡೆ ನಿಂತಿರುತ್ತಾರೆ, ಅದೇ ಸರಿ ಅನ್ನಿಸುವುದು ಸಹಜ. ಅದು ನಡೆಯುವುದಿಲ್ಲ. ಏಳೂವರೆಯಿಂದ ಒಂಬತ್ತರವರೆಗೆ ಕೂಲಿ ಕುದುರಿಸುವ ಹೊತ್ತು. ಐದು ನಿಮಿಷ ಕೂತರೆ ಆ ದಿನದ ಕೆಲಸ ಬೇರೆಯವರ ಪಾಲು. ಮೇಲಾಗಿ ಚಹಾ, ತಂಬಾಕು ಆಗಲೇ ಆಗಿರುತ್ತದೆ, ಹೆಂಗಸರು ಮಿಶ್ರಿ (ಹುರಿದ ತಂಬಾಕಿನ ಹಲ್ಲುಪುಡಿ) ಉಜ್ಜಿರುತ್ತಾರೆ. ತಂಬಾಕಿನ ನಂತರ ಅರ್ಧ ಗಂಟೆ ಬಿಪಿಯ ಅಂಕಿ ನಂಬುವ ಹಾಗಿಲ್ಲ. ಹೆಂಗಸರನ್ನು 'ತಂಬಾಕು ತಿಂತೀರಾ?' ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ, 'ಮಿಶ್ರಿ ಹಚ್ಚಿದ್ದೀರೇನವ್ವ?' ಎಂದೇ ಕೇಳಬೇಕು. ಕೊನೆಗೆ ಜನ ಹೇಳಿದ್ದು ವಾರದ ಖರ್ಚಿ (ಕೂಲಿಯಲ್ಲಿ ಕೈಖರ್ಚಿಗೆ ಕೊಡುವ ಹಣ) ಸಿಗುವ ದಿನದ ಸಂಜೆ. ಖರ್ಚಿ ಕೈಗೆ ಬಂದ ಮೇಲೆ ಸಂತೆಗೆ ಬಂದೇ ಬರುತ್ತಾರೆ. ಏಳರಿಂದ ಒಂಬತ್ತೂವರೆವರೆಗೆ ಸಂತೆಯ ಹೊರದಾರಿಯಲ್ಲಿ ಮೇಜು ಹಾಕಿದೆವು. ಮುಕಾದಮರನ್ನು (ಕೂಲಿ ಮೇಸ್ತ್ರಿಗಳನ್ನು) ಇದಕ್ಕೆ ಒಪ್ಪಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಅದು ಅಡ್ಡಾದಿಂದ ಅಡ್ಡಾಕ್ಕೆ ಬೇರೆ.

ಸಾಮಾನು ಕಡಿಮೆ: ಡಿಜಿಟಲ್ ಬಿಪಿ ಯಂತ್ರ ಎರಡು, ಸಕ್ಕರೆ ಯಂತ್ರ ಒಂದು, ಬ್ಯಾಟರಿ ದೀಪ, ಪರದೆ, ಕಬ್ಬಿಣದ ಟ್ರಂಕು, ಬೆನ್ನು ಆನಿಸಲು ಬರುವ ಉದ್ದ ಬೆಂಚು. ಬೆಂಚೇ ಮುಖ್ಯ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕೆಂದು ಎಲ್ಲರಿಗೂ ಗೊತ್ತು, ಶಿಬಿರದಲ್ಲಿ ಯಾರೂ ಕೂರಿಸುವುದಿಲ್ಲ. ಆರು ಮಂದಿಯ ಬೆಂಚಿನಲ್ಲಿ ಒಬ್ಬೊಬ್ಬರೇ ಸರಿಯುತ್ತ ಯಂತ್ರದ ಬಳಿ ಬರುವ ಹೊತ್ತಿಗೆ ಐದು ನಿಮಿಷ ತಾನಾಗಿ ಆಗಿರುತ್ತದೆ. ಕಾಲಡಿಗೆ ಹಲಗೆ ಇರಲಿ, ಕುಳ್ಳಗಿನವರ ಕಾಲು ನೇತಾಡಬಾರದು. ತರಕಾರಿ ಚೀಲ ಕೆಳಗಿಡಿಸಿ.

ಎರಡನೇ ಮಾತು ತೋಳಿನ ಪಟ್ಟಿಯದು. ಯಂತ್ರದ ಜೊತೆ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಗೌಂಡಿಗಳ, ಸರಳು ಬಗ್ಗಿಸುವವರ ತೋಳು ಅದನ್ನು ಮೀರುತ್ತದೆ. ಸಣ್ಣ ಪಟ್ಟಿ ಬಿಗಿದರೆ ಇಲ್ಲದ ಬಿಪಿ ತೋರಿಸುತ್ತದೆ. 32-42ರ ದೊಡ್ಡ ಪಟ್ಟಿಗೆ ಎಂಟುನೂರು ರೂಪಾಯಿ ಹೆಚ್ಚು ಕೇಳಿದಾಗ ಕಂಪನಿಯ ಲೆಕ್ಕದವರು ಏಕೆ ಅಂದರು. ಎರಡೂ ಪಟ್ಟಿಯಲ್ಲಿ ಒಂದೇ ತೋಳು ಅಳೆದು ತೋರಿಸಿದ ಮೇಲೆ ಮಾತಿಲ್ಲದೆ ಮಂಜೂರಾಯಿತು.

ಸಕ್ಕರೆ ನೋಡುವಾಗಿನ ತೊಡಕು ಬೆರಳಿನದು. ಸಿಮೆಂಟು ತಿಂದು ಗಟ್ಟಿಯಾದ ಬೆರಳ ತುದಿಗೆ ತೆಳು ಲ್ಯಾನ್ಸೆಟ್ ಇಳಿಯುವುದಿಲ್ಲ. ಹಿಂಡಿ ಹಿಂಡಿ ತೆಗೆದ ಹನಿಯಲ್ಲಿ ನೀರಂಶ ಬೆರೆತು ಅಂಕಿ ತಪ್ಪುತ್ತದೆ. ಉಂಗುರ ಬೆರಳಿನ ಪಕ್ಕಕ್ಕೆ, ಉಗುರಿಗೆ ಹತ್ತಿರ ಚುಚ್ಚಿ. ಕೈ ತೊಳೆಸಿ ಒರೆಸಿಯೇ ಚುಚ್ಚಿ: ಸಂತೆಯಲ್ಲಿ ಬಾಳೆಹಣ್ಣು, ಬೆಲ್ಲ ಮುಟ್ಟಿದ ಬೆರಳು 300 ತೋರಿಸಬಲ್ಲದು. ಸಕ್ಕರೆ ಯಂತ್ರದ ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಜುಲೈನ ತೇವಕ್ಕೆ ಕೆಡುತ್ತದೆ, ಏಪ್ರಿಲ್‌ನಲ್ಲಿ ತಗಡಿನ ಟ್ರಂಕಿನ ಬಿಸಿಗೆ ಕೆಡುತ್ತದೆ. ಹಿಂದೆ ಲೆಕ್ಕಕ್ಕೆ ಬಾರದೆ ಹೋದ ಸ್ಟ್ರಿಪ್ಪುಗಳಲ್ಲಿ ಬಹುಪಾಲು ವ್ಯಾನಿನೊಳಗಿನ ಕಾವಿಗೆ ಹೋದವು.

ಎರಡು ಬೇರೆ ಬೇರೆ ದಿನ 140/90 ಅಥವಾ ಮೇಲಿದ್ದರೆ ಡಾಕ್ಟರು ಮಾತ್ರೆ ಶುರು ಮಾಡುತ್ತಾರೆ. 180/110 ದಾಟಿ ಎದೆನೋವು, ಉಸಿರುಕಟ್ಟು, ಕಣ್ಣು ಮಂಜು ಇದ್ದರೆ ನೇರ ಸರ್ಕಾರಿ ಆಸ್ಪತ್ರೆ ಸಸೂನ್‌ಗೆ. ಮೊದಲ ಮಾತ್ರೆ ಆಮ್ಲೊಡಿಪಿನ್ 5, ಸಾಲದಿದ್ದರೆ ಬಿಪಿಯ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟಾನ್ 40 ಸೇರಿಸುವುದು. ಪುಸ್ತಕದಂತೆ ನಡೆದರೂ ಸೈಟಿನಲ್ಲಿ ಏನಾಗುತ್ತದೆ ನೋಡಿ. ದಿನವಿಡೀ ನಿಂತು ದುಡಿಯುವವರಿಗೆ ಆಮ್ಲೊಡಿಪಿನ್‌ನಿಂದ ಕಾಲು ಬಾತುಕೊಳ್ಳುತ್ತದೆ. 'ಮಾತ್ರಿ ತಗೊಂಡ್ರ ಕಾಲು ಬಾತಾವ್ರೀ, ಬಿಟ್ಟೇನಿ' ಎನ್ನುವುದು ನಾವು ಅತಿ ಹೆಚ್ಚು ಕೇಳಿದ ದೂರು. ಅದಕ್ಕೆ ಮೂತ್ರ ಹೋಗುವ ಮಾತ್ರೆ ಕೊಟ್ಟರೆ ಬಾವು ಇಳಿಯುವುದಿಲ್ಲ. 10ಕ್ಕೆ ಏರಿಸುವ ಬದಲು 5ರಲ್ಲೇ ನಿಲ್ಲಿಸಿ ಟೆಲ್ಮಿಸಾರ್ಟಾನ್ ಜೋಡಿಸಿದರೆ ಬಾವೂ ಕಡಿಮೆ, ಬಿಪಿಯೂ ಇಳಿಯುತ್ತದೆ. ಬಸುರಿಯರಿಗೆ, ಆಗಬಹುದಾದವರಿಗೆ ಟೆಲ್ಮಿಸಾರ್ಟಾನ್ ಬೇಡವೇ ಬೇಡ. ಕ್ಲೋರ್‌ಥಾಲಿಡೋನ್ ಒಳ್ಳೆಯ ಔಷಧವಾದರೂ ಮೂತ್ರ ಹೆಚ್ಚಿಸುತ್ತದೆ, ಹಾಗಾಗಿ ಏಪ್ರಿಲ್, ಮೇ ಬಿಸಿಲಿನಲ್ಲಿ, ಶೌಚಾಲಯವಿಲ್ಲದ ಸೈಟಿನಲ್ಲಿ ಕೆಲಸ ಮಾಡುವವರಿಗೆ ಮೂರನೆಯದಾಗಿ ಮಾತ್ರ. ಮೆಟ್‌ಫಾರ್ಮಿನ್ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಭೇದಿಯಾದರೆ ಆ ಮನುಷ್ಯ ಮತ್ತೆ ನಿಮ್ಮ ಮೇಜಿಗೆ ಬರುವುದಿಲ್ಲ. ನಿಧಾನ ಕರಗುವ ಮಾತ್ರೆಯನ್ನು ರಾತ್ರಿ ರೊಟ್ಟಿ ಊಟದ ಜೊತೆ ಕೊಡಿ. ನಾಷ್ಟಾ ಬಿಟ್ಟು ಇಟ್ಟಿಗೆ ಹೊರುವವರಿಗೆ ಸಕ್ಕರೆ ತೀರಾ ಇಳಿಸಬಲ್ಲ ಗ್ಲಿಮೆಪಿರೈಡ್ ಬರೆಯುವ ಮುಂಚೆ ಎರಡು ಸಲ ಯೋಚಿಸಿ. ಎತ್ತರದ ಮೇಲೆ ಸಕ್ಕರೆ ಇಳಿದರೆ ಜೀವಕ್ಕೇ ಅಪಾಯ.

ಮಾತ್ರೆ ಕಟ್ಟುವುದರಲ್ಲೂ ಒಂದು ಸೂಕ್ಷ್ಮವಿದೆ. ಟೆಲ್ಮಿಸಾರ್ಟಾನ್ ತೇವ ಹೀರುತ್ತದೆ. ಎಣಿಸಿ ಕಾಗದದ ಪುಡಿಕೆಗೆ ಹಾಕಿದರೆ ಪುಣೆಯ ಮಳೆಗಾಲದಲ್ಲಿ ವಾರದೊಳಗೆ ಪುಡಿಯಾಗುತ್ತದೆ. ಮಾತ್ರೆಯ ಪಟ್ಟಿ (ಸ್ಟ್ರಿಪ್) ಸಮೇತ ಕೊಡಿ, ನುಂಗುವಾಗಲೇ ಬಿಡಿಸಲು ಹೇಳಿ. ಡಾಕ್ಟರರಿಗೆ ಬಂದ ಪುಕ್ಕಟೆ ಸ್ಯಾಂಪಲ್‌ಗಳನ್ನು ಸೇರಿಸಲೇಬೇಡಿ: ಪ್ರತಿ ತಿಂಗಳೂ ಬಣ್ಣ, ಆಕಾರ ಬೇರೆಯಾಗಿ ಜನ ಎರಡನ್ನೂ ನುಂಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಔಷಧ ದಾನದ ನಿಯಮದಲ್ಲೂ ಸ್ಯಾಂಪಲ್ ಬೇಡವೆಂದಿದೆ. ತಲುಪುವಾಗ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂದಿದೆ. ಅವಧಿ ಹತ್ತಿರ ಬಂದ ಪೆಟ್ಟಿಗೆಗಳನ್ನು ಒಬ್ಬ ದಾನಿ ಮಾರ್ಚಿನಲ್ಲಿ ತಂದಿಳಿಸಿದಾಗ ಈ ನಿಯಮ ತೋರಿಸಿಯೇ ವಾಪಸು ಕಳಿಸಿದ್ದು.

ಮೂರು ತಿಂಗಳ ಕಟ್ಟಿಗೆ ಬರುತ್ತೇನೆ. ಜೂನ್‌ನಲ್ಲಿ ಬಿತ್ತನೆ, ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ, ನಡುವೆ ಜಾತ್ರೆ, ಮದುವೆ: ನಮ್ಮವರು ಊರಿಗೆ ಹೋದರೆ ಎರಡು ತಿಂಗಳು ಬರುವುದಿಲ್ಲ. ಮೂವತ್ತು ದಿನದ ಮಾತ್ರೆ ಕೊಟ್ಟರೆ ಮೂವತ್ತೊಂದನೇ ದಿನದಿಂದ ಬಿಪಿ ಮತ್ತೆ ಮೇಲೆ. 'ಅಷ್ಟು ಮಾತ್ರೆ ಕೊಟ್ಟರೆ ಮಾರಿಕೊಳ್ಳುತ್ತಾರೆ, ಬಿಸಾಕುತ್ತಾರೆ' ಎಂಬ ಮಾತು ಬಂತು. ಮೂರು ತಿಂಗಳ ಎರಡೂ ಮಾತ್ರೆಗೆ ಇನ್ನೂರು ರೂಪಾಯಿಯೂ ಆಗದು, ಯಾರು ಕೊಳ್ಳುತ್ತಾರೆ? ಸತತ ಎರಡು ಭೇಟಿಯಲ್ಲಿ ಬಿಪಿ ಹಿಡಿತದಲ್ಲಿದ್ದು, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಸರಿಯಿದ್ದವರಿಗೆ ಮಾತ್ರ ಊರಿನ ಕಟ್ಟು ಕೊಡುತ್ತೇವೆ. ಕಾರ್ಡಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಇಂಗ್ಲಿಷ್. ಕಂಪನಿಯ ಹೆಸರಿಲ್ಲದೆ ಔಷಧದ ಮೂಲ ಹೆಸರು, ಮಿಲಿಗ್ರಾಂ, ಕೊನೆಯ ಮೂರು ಸಲದ ಬಿಪಿಯ ಅಂಕಿ. ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದರೆ ಅದೇ ಮಾತ್ರೆ ಮುಂದುವರಿಯುತ್ತದೆ.

ಫೋನಿಗೆ ಕನ್ನಡದಲ್ಲಿ ಧ್ವನಿ ಸಂದೇಶ ಕಳಿಸುವುದನ್ನೂ ನೋಡಿದೆವು. ಸಿಮ್ ಬದಲಾಗುತ್ತಲೇ ಇರುತ್ತದೆ, ಅರ್ಧದಷ್ಟು ಹೋಗಲೇ ಇಲ್ಲ. ಮನೆಯೊಡತಿಯ ನಂಬರು ತೆಗೆದುಕೊಂಡರೆ ಪರವಾಗಿಲ್ಲ. ಶೇಂಗಾ ಹಿಂಡಿ, ಉಪ್ಪಿನಕಾಯಿಯ ಉಪ್ಪು ಇಳಿಸಲು ಕಡಿಮೆ ಸೋಡಿಯಂ ಉಪ್ಪು ಹಂಚುವ ಯೋಚನೆಯನ್ನು ಡಾಕ್ಟರೇ ತಡೆದರು: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಮೂತ್ರಪಿಂಡ ಸೊರಗಿದವರಿಗೆ, ಟೆಲ್ಮಿಸಾರ್ಟಾನ್ ತಿನ್ನುವವರಿಗೆ ತೊಂದರೆ.

ಈಗ ಖರ್ಚು ವರ್ಷಕ್ಕೆ ಒಂಬತ್ತು-ಹತ್ತು ಲಕ್ಷದ ಆಸುಪಾಸು. ಡಾಕ್ಟರರಿಗೆ ಒಂದು ಸಂಜೆಗೆ ಸಾವಿರದೈನೂರು, ಉಳಿದದ್ದು ಇಬ್ಬರು ನರ್ಸ್, ಒಬ್ಬ ಸಂಯೋಜಕ, ರಕ್ತಪರೀಕ್ಷೆ, ಮಾತ್ರೆ. ವ್ಯಾನಿಲ್ಲದಿದ್ದರೆ ಕಂಪನಿಯ ಹೆಸರಿನ ಫಲಕ ಎಲ್ಲಿ ಹಾಕುವುದೆಂಬ ಪ್ರಶ್ನೆ ದಾನಿಯ ಕಡೆಯಿಂದ ಬಂದೇ ಬರುತ್ತದೆ. ಅದಕ್ಕೆ ಉತ್ತರವಾಗಿ ಮೂರು ತಿಂಗಳಿಗೊಮ್ಮೆ ಒಂದೇ ಪುಟ ಕಳಿಸುತ್ತೇವೆ: ನೋಂದಾಯಿಸಿದವರು, ಈ ಅವಧಿಯಲ್ಲಿ ಬಂದವರು, 140/90ರ ಕೆಳಗಿರುವವರು. ಬರದೇ ಹೋದವರನ್ನೂ ಛೇದದಲ್ಲೇ ಇಡಬೇಕು, ಇಲ್ಲದಿದ್ದರೆ ಅಂಕಿಗೆ ಬೆಲೆಯಿಲ್ಲ.

ಕಾಗದಪತ್ರ ಸುಲಭ. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2 ಅನ್ನು ದೊಡ್ಡ ಕಂಪನಿಗಳು ಹೀಗೆ ಖರ್ಚು ಮಾಡಬೇಕು. ಟ್ರಸ್ಟಿಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿಗಳ ಜೊತೆಗೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 (ಕಂಪನಿ ವ್ಯವಹಾರಗಳ ಸಚಿವಾಲಯದ) ನೋಂದಣಿಯೂ ಬೇಕು. ತೊಡಕಿರುವುದು ಕಂತಿನಲ್ಲಿ. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರುವಾದರೂ ಮೊದಲ ಕಂತು ಜುಲೈ, ಆಗಸ್ಟಿಗೆ ಬರುತ್ತದೆ, ಬಿತ್ತನೆಗೆ ಹೊರಟವರು ಊರಿನ ಕಟ್ಟು ಕೇಳುವುದು ಮೇ ಕೊನೆಗೆ. ಹಾಗಾಗಿ ಒಪ್ಪಂದದಲ್ಲೇ ಒಂದು ಸಾಲು ಬರೆಸಿಕೊಳ್ಳಿ: ಆಗಸ್ಟ್‌ವರೆಗಿನ ಮಾತ್ರೆಯ ದಾಸ್ತಾನನ್ನು ಹಳೆಯ ವರ್ಷದ ಬಜೆಟ್ಟಿನಲ್ಲೇ ಫೆಬ್ರವರಿಯಲ್ಲಿ ಖರೀದಿಸುವುದು. ಆರ್ಡರು ಕೊಡುವಾಗ ಬ್ಯಾಚ್ ಒಂದೇ ಇರಲಿ, ಅವಧಿ ಹದಿನೆಂಟು ತಿಂಗಳಿಗೆ ಕಡಿಮೆ ಬೇಡ, ಟೆಲ್ಮಿಸಾರ್ಟಾನ್ ಎರಡೂ ಬದಿ ಅಲ್ಯೂಮಿನಿಯಂ ಇರುವ ಪಟ್ಟಿಯಲ್ಲೇ ಬರಲಿ.